ಭಾವನ ಮೂಗಿಗೊಂದು ಬನಿಯನ್

ಹಳೆಯ ಬನಿಯನ್ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೊನ್ನೆ ಸ್ಕೂಟರ್ ಒರೆಸಲು ಬಟ್ಟೆ ಕೇಳಿದಾಗ ಹೆಂಡತಿ ನನ್ನದೇ ಒಂದು ಬನಿಯನ್ ತಂದುಕೊಟ್ಟಳು. ಎರಡು ತುಂಡು ಮಾಡಿಕೊಂಡಿದ್ದರೆ ಸಾಕಿತ್ತು. ಏನೋ ಯೋಚಿಸುತ್ತಾ ಕತ್ತರಿ ಆಡಿಸಿ ನೋಡಿದರೆ, ಬೆನ್ನಿನ ಭಾಗದಿಂದ ಮೇಲೆ ಕಿರಿದಾದ, ಕೆಳಗೆ ಅಗಲವಾದ ಒಂದು ಆಕಾರ ಕತ್ತರಿಸಿ, ಅದರ ನಡುವಿನಿಂದ ಅದೇ ಆಕಾರದ ಸಣ್ಣ ತುಂಡೊಂದನ್ನು ತೆಗೆದುಬಿಟ್ಟಿದ್ದೆ. ಸೀಬೆಹಣ್ಣನ್ನು ಉದ್ದಕ್ಕೆ ಸೀಳಿ ತಿರುಳನ್ನೆಲ್ಲ ತೋಡಿದ ಮೇಲೆ ಉಳಿಯುವ ಅಂಚಿನ ಹಾಗಿತ್ತು.

“ಇದು ಯಾರ ಮುಖಕ್ಕೆ?” ಎಂದಳು ಹೆಂಡತಿ.

ಅವಳಿಗೆ ಕಥೆ ಗೊತ್ತು. ನಿಮಗೆ ಹೇಳಬೇಕು.

ಗೂಳೂರಿನ ನಮ್ಮ ಮನೆಯಲ್ಲಿ ಬನಿಯನ್ನಿಗೆ ಸಾವು ಎಂಬುದಿರಲಿಲ್ಲ. ಅಪ್ಪನ ಮೈಮೇಲೆ ಕಂಕುಳು ಹರಿದ ಮೇಲೆ ಅದು ನನಗೆ ಬರುತ್ತಿತ್ತು. ನನ್ನಿಂದ ಅಡುಗೆಮನೆಗೆ, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ. ಅಲ್ಲಿಂದ ಸೈಕಲ್ಲಿನ ಚೈನು ಒರೆಸುವುದಕ್ಕೆ. ಕೊನೆಗೆ ಉದ್ದುದ್ದ ಸೀಳಿ ಬತ್ತಿ ಮಾಡಿದರೆ ಕರೆಂಟು ಹೋದಾಗ ಸೀಮೆಎಣ್ಣೆ ಬುಡ್ಡಿಯಲ್ಲಿ ಉರಿಯುತ್ತಿತ್ತು. ಒಂದು ಸಲ ಅಪ್ಪ ಊಟಕ್ಕೆ ಕೂತಾಗ, ಅವ್ವ ಸಾರಿನ ಪಾತ್ರೆ ಹಿಡಿದು ತಂದ ಬಟ್ಟೆಯ ಮೇಲಿನ ತೇಪೆಯನ್ನು ಗುರುತಿಸಿ, “ಇದು ನಂದಲ್ವೇನೇ?” ಎಂದರು.

“ನಿಮ್ಮದು ಹೋದ್ವರ್ಷ. ಈಗ ನಂದು,” ಎಂದಳು ಅವ್ವ.

ಆ ತೇಪೆ ಹಾಕಿದ್ದವಳು ನನ್ನ ಅಕ್ಕ. ಹರಿದದ್ದು ಕಂಡರೆ ಅವಳ ಕೈಗೆ ತಾನಾಗಿ ಸೂಜಿ ಬರುತ್ತಿತ್ತು. ನನ್ನ ಚಡ್ಡಿ, ಸ್ಕೂಲ್ ಬ್ಯಾಗು, ಪಕ್ಕದ ಮನೆಯವರ ಸೊಳ್ಳೆಪರದೆ, ಏನೇ ಇರಲಿ. ತೂತು ಎಂದರೆ ಮನೆಯ ಮರ್ಯಾದೆಗೆ ಬಿದ್ದ ತೂತು ಎನ್ನುವ ಹಾಗೆ ಕೂತು ಮುಚ್ಚುತ್ತಿದ್ದಳು. ತುಳಿಯುವ ಹೊಲಿಗೆ ಮಿಷನ್ನಿನ ಕೆಳಗೆ ಕೂತು ಅದರ ಚಕ್ರ ತಿರುಗುವುದನ್ನು ನೋಡುತ್ತಿದ್ದ ನಾನು ದೊಡ್ಡವನಾಗಿ ಬಿ.ಎಸ್ಸಿ. ಮಾಡಿದೆ. ಎಸ್ಸೆಸ್ಸೆಲ್ಸಿಗೇ ನಿಂತ ಅಕ್ಕ ಅದೇ ಮಿಷನ್ ಹೊತ್ತುಕೊಂಡು ಮದುವೆಯಾಗಿ ಗುಬ್ಬಿಗೆ ಹೋದಳು. ಅಲ್ಲಿ ಬೀದಿಯವರ ರವಿಕೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು.

ಭಾವನ ಹೆಸರು ರಂಗಸ್ವಾಮಿ. ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ಒಂದು ಖಾಸಗಿ ಬಸ್ಸಿನ ಡ್ರೈವರು. ದಪ್ಪ ಕುತ್ತಿಗೆ, ದೊಡ್ಡ ನಗು. ತೊಂಬತ್ತರ ದಶಕದ ಮೊದಲಲ್ಲಿ ಮದುವೆ. ಅವರ ಗೊರಕೆ ನಮಗೆ ಗೊತ್ತಾದದ್ದು ಬೀಗರೂಟದ ದಿನ. ಊಟ ಮುಗಿಸಿ ಗಂಡಸರೆಲ್ಲ ಛತ್ರದ ಜಮಖಾನದ ಮೇಲೆ ಅಡ್ಡಾದರು. ಸ್ವಲ್ಪ ಹೊತ್ತಿಗೆ ಅಡುಗೆಯವನು ಸೌಟು ಹಿಡಿದೇ ಓಡಿಬಂದ. ರುಬ್ಬುವ ಮಿಷನ್ ಆಫ್ ಮಾಡಿಲ್ಲವೇನೋ ಎಂದು ಅವನಿಗೆ ಗಾಬರಿ. ನೋಡಿದರೆ ಮದುಮಗ.

“ಉಂಡು ಹಿಂಗ್ ಗೊರ್ಕೆ ಹೊಡಿಯೋನು ಪುಣ್ಯವಂತ ಕಣಪ್ಪ. ಮನ್ಸಲ್ಲಿ ಏನೂ ಇಟ್ಕಂಡಿರಲ್ಲ,” ಎಂದರು ಹಿರಿಯರೊಬ್ಬರು. ಎಲ್ಲರೂ ಒಪ್ಪಿದೆವು.

ಭಾವನನ್ನು ಗೇಲಿ ಮಾಡುವುದು ಭಾಮೈದನ ಹಕ್ಕು. ಆ ಗೊರಕೆಯನ್ನು ನಾನು ಚೆನ್ನಾಗಿ ಅಭ್ಯಾಸ ಮಾಡಿ ನೆಂಟರ ಮನೆಗಳಲ್ಲಿ ಮಾಡಿ ತೋರಿಸುತ್ತಿದ್ದೆ. ಮೊದಲು ಸಣ್ಣಗೆ, ಆಮೇಲೆ ಜೋರಾಗಿ, ಆಮೇಲೆ ಗಕ್ಕನೆ ನಿಲ್ಲಬೇಕು. ಕೇಳುವವರು ಮುಖ ಮುಖ ನೋಡಿಕೊಳ್ಳುವಷ್ಟು ಹೊತ್ತು ಸದ್ದೇ ಇರಬಾರದು. ಆಮೇಲೆ ನೀರಿನಿಂದ ಎದ್ದುಬಂದವನ ಹಾಗೆ ದೊಡ್ಡದಾಗಿ ಉಸಿರೆಳೆದು ಮತ್ತೆ ಶುರು. ಆ ನಡುವಿನ ನಿಲುಗಡೆಗೇ ಹೆಚ್ಚು ನಗು ಬೀಳುತ್ತಿತ್ತು. ಅಕ್ಕ ಮಾತ್ರ ನಗುತ್ತಿರಲಿಲ್ಲ. ಗಂಡನನ್ನು ಅಣಕಿಸಿದ್ದಕ್ಕೆ ಸಿಟ್ಟು ಎಂದುಕೊಂಡಿದ್ದೆ.

ವರ್ಷಗಳು ಹೋದವು. ನನಗೆ ತುಮಕೂರಿನ ಒಂದು ಆಫೀಸಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಕ್ಯಾತ್ಸಂದ್ರದಲ್ಲಿ ಬಾಡಿಗೆ ರೂಮು. ಎರಡು ಸಾವಿರ ಇಸವಿ ದಾಟಿದ ಮೇಲಿನ ಮಾತು. ಒಂದು ಮಧ್ಯಾಹ್ನ ಆಫೀಸಿನ ಕಾಗದಗಳನ್ನು ಕೊಡಲು ಕುಣಿಗಲ್ಲಿಗೆ ಹೋಗಬೇಕಾಗಿ ಭಾವನ ಬಸ್ಸೇ ಹತ್ತಿದೆ. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ನನಗೆ ಕಾಯಂ ಜಾಗ. ಎಂಜಿನ್ನಿನ ಬಿಸಿಗೆ ಕೆಳಗೆ ಬೇಯುತ್ತಿದ್ದರೂ ಅಲ್ಲಿ ಕೂರುವುದೊಂದು ಗತ್ತು.

ಹೆಬ್ಬೂರು ದಾಟಿತು. “ನಿಂಗೂ ಒಂದು ಹೆಣ್ ನೋಡಿದೀನಿ ಕಣ್ಲಾ ಭಾಮೈದ. ಹುಡ್ಗಿ ಬಿ.ಕಾಂ. ನಿನ್ ಬಿ.ಎಸ್ಸಿ.ಗೆ...” ಎಂದು ಭಾವ ಮಾತು ನಿಲ್ಲಿಸಿದರು. ಮುಂದೇನೋ ಚುಚ್ಚುವ ಮಾತು ಹುಡುಕುತ್ತಿದ್ದಾರೆ ಎಂದು ನಗುತ್ತಲೇ ಕಾದೆ. ರಸ್ತೆ ಒಂದು ಸಣ್ಣ ಕೆರೆಯ ಏರಿ ಹತ್ತಿತು. ಎಡಕ್ಕೆ ನೀರು. ಬಸ್ಸು ನಿಧಾನವಾಗಿ, ಯಾರೋ ಹೇಳಿ ಕಳಿಸಿದ ಹಾಗೆ, ನೀರಿನ ಕಡೆಗೆ ಸರಿಯತೊಡಗಿತು. ತಿರುಗಿ ನೋಡಿದರೆ ಭಾವನ ಗಲ್ಲ ಎದೆಯ ಮೇಲಿತ್ತು. ಕೈಗಳು ಸ್ಟೀರಿಂಗಿನ ಮೇಲೆ ಚೊಕ್ಕಟವಾಗಿ ಇದ್ದ ಜಾಗದಲ್ಲೇ ಇದ್ದವು.

ನಾನು ಕೂಗಿದೆನಂತೆ. ಏನು ಕೂಗಿದೆನೋ ನನಗೆ ಗೊತ್ತಿಲ್ಲ. ಸ್ಟೀರಿಂಗ್ ಹಿಡಿದು ಎಳೆದದ್ದು ಗೊತ್ತು. ಭಾವ ಎಚ್ಚೆತ್ತು ಬ್ರೇಕ್ ತುಳಿದರು. ಮುಂದಿನ ಚಕ್ರ ಏರಿಯಂಚಿನ ಎರಡು ಕಲ್ಲು ಉರುಳಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. “ಏನ್ ರಂಗಣ್ಣ, ಮುದ್ದೆ ಒಂದ್ ಜಾಸ್ತಿ ಆಯ್ತಾ?” ಎಂದು ಕಂಡಕ್ಟರು ಕೇಳಿದ್ದಕ್ಕೆ ಹಿಂದಿನ ಸೀಟಿನವರೆಲ್ಲ ನಕ್ಕರು. ನೀರು ಕಂಡಿದ್ದವರು ನಾವಿಬ್ಬರೇ. ಭಾವ ಕೆಳಗಿಳಿದು ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಮತ್ತೆ ಸೀಟು ಹತ್ತಲಿಲ್ಲ. ಬಸ್ಸನ್ನು ಕುಣಿಗಲ್ಲಿಗೆ ಮುಟ್ಟಿಸಿದ್ದು ಕಂಡಕ್ಟರು.

ಮಾಲೀಕರು ಒಳ್ಳೆಯವರು. ಕೆಲಸದಿಂದ ತೆಗೆಯದೆ, ಗುಬ್ಬಿ ಸ್ಟ್ಯಾಂಡಿನಲ್ಲಿ “ತುಮ್ಕೂರ್, ತುಮ್ಕೂರ್” ಎಂದು ಜನ ಕೂಗಿ ಹತ್ತಿಸುವ ಏಜೆಂಟನನ್ನಾಗಿ ಹಾಕಿದರು. ಅಲ್ಲಿಯೂ ಭಾವ ಕಲ್ಲುಬೆಂಚಿನ ಮೇಲೆ ಕೂತರೆ ತೂಕಡಿಕೆ. ಕೊನೆಗೆ ಅವರನ್ನೂ ಅಕ್ಕನನ್ನೂ ತುಮಕೂರಿನ ಎದೆರೋಗದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಬೆಂಗಳೂರಿಗೆ ಕಳಿಸಿ, ಮಲಗಿಸಿ ಪರೀಕ್ಷೆ ಮಾಡಿಸಿದರು. ನಿದ್ದೆಯಲ್ಲಿ ಇವರ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮೈ ಗಾಬರಿಯಾಗಿ ಎಚ್ಚರಗೊಂಡು ಮತ್ತೆ ಉಸಿರೆಳೆಯುತ್ತದೆ, ರಾತ್ರಿಯೆಲ್ಲ ಇದೇ ಕೆಲಸ, ಅದಕ್ಕೇ ಹಗಲು ನಿದ್ದೆ ಎಂದರು. ನಾನು ನೆಂಟರ ಮನೆಗಳಲ್ಲಿ ನಗೆ ಗಿಟ್ಟಿಸುತ್ತಿದ್ದ ಆ ನಿಲುಗಡೆ ಇದೇ. ಅಕ್ಕನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಇದಕ್ಕೊಂದು ಮಿಷನ್ನಿದೆ. ಶೂ ಡಬ್ಬಿಯಷ್ಟು ದೊಡ್ಡದು. ಉದ್ದನೆಯ ಕೊಳವೆ, ಕೊಳವೆಯ ತುದಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು. ಮಿಷನ್ನು ಗಾಳಿಯನ್ನು ಒತ್ತಿ ಕಳಿಸಿದರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಯಾರೋ ಬಳಸಿ ಬಿಟ್ಟದ್ದೊಂದನ್ನು ಡಾಕ್ಟರೇ ಕೊಡಿಸಿದರು. ತಪ್ಪದೆ ಹಾಕಿಕೊಂಡು ಹಗಲಿನ ತೂಕಡಿಕೆ ಪೂರ್ತಿ ನಿಂತರೆ, ಮತ್ತೆ ಪರೀಕ್ಷೆ ಮಾಡಿ, ಸ್ಟೀರಿಂಗ್ ಹಿಡಿಯುವ ಮಾತು ಆಗ ಆಡೋಣ ಎಂದರು. ಭಾವನಿಗೆ ಕೇಳಿಸಿದ್ದು ಅದೊಂದೇ ಮಾತು. ಮಾಸ್ಕಿನ ಭಾಗಗಳನ್ನು ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ವಿವರಿಸಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಇಂಗ್ಲಿಷಿನಲ್ಲಿ ಹೇಳಿದ್ದು ಅರ್ಥವಾಗದಿದ್ದರೂ ಆದವನ ಹಾಗೆ ತಲೆಯಾಡಿಸುವುದು ಕಾಲೇಜು ನನಗೆ ಕಲಿಸಿದ ವಿದ್ಯೆಗಳಲ್ಲಿ ಒಂದು.

ಮಾಸ್ಕು ಹಾಕಿಕೊಂಡು ಭಾವ ಕನ್ನಡಿಯ ಮುಂದೆ ನಿಂತರು. “ಬಸ್ ಓಡ್ಸೋದ್ ಬಿಟ್ರೂ ವಿಮಾನ ಓಡ್ಸೋಕ್ ತಗಂಡವ್ರೆ ನೋಡೆ,” ಎಂದರು ಅಕ್ಕನಿಗೆ. ಆದರೆ ವಾರವಾಗುವಷ್ಟರಲ್ಲಿ ತಮಾಷೆ ನಿಂತಿತು. ಮಾಸ್ಕಿನ ಅಂಚು ರಬ್ಬರಿನ ಹಾಗೆ ಮೆತ್ತಗಿದ್ದರೂ, ಬೆವರಿಗೆ ಉಜ್ಜಿ ಉಜ್ಜಿ ಮೂಗಿನ ದಿಂಡಿನ ಮೇಲೆ ಹುಣ್ಣಾಯಿತು. ಗಲ್ಲದ ಎರಡೂ ಕಡೆ ಬಾಸುಂಡೆ. ಸ್ಟ್ಯಾಂಡಿನಲ್ಲಿ ಹೂ ಮಾರುವವಳೇ ಕೇಳಿದಳಂತೆ: “ಏನ್ ರಂಗಣ್ಣ, ಮನ್ಯಾಗೆ ಸೌಟಲ್ಲಿ ಬಿತ್ತಾ?” ಅಕ್ಕ ಕೊಬ್ಬರಿ ಎಣ್ಣೆ ಹಚ್ಚಿದಳು. ಎಣ್ಣೆಗೆ ಮಾಸ್ಕು ಜಾರಿ ಗಾಳಿಯೆಲ್ಲ ಕಣ್ಣಿಗೆ ನುಗ್ಗಿತು. ಬಿಗಿ ಮಾಡಿದರೆ ಹುಣ್ಣು, ಸಡಿಲ ಮಾಡಿದರೆ ಸೋರಿಕೆ. “ಇದ್ ನನ್ ಕೈಲಾಗಲ್ಲ ಬುಡು,” ಎಂದು ಭಾವ ಕಿತ್ತಿಟ್ಟರು.

ಆ ಭಾನುವಾರ ನಾನು ಗುಬ್ಬಿಗೆ ಹೋದಾಗ ಅಕ್ಕ ಮಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ರವಿಕೆಯ ಅಳತೆ ನೋಡುವವಳ ಹಾಗೆ ಬೆರಳಾಡಿಸುತ್ತಿದ್ದಳು.

“ಚಪ್ಲಿ ಕಚ್ಚಿದ್ರೆ ಏನ್ ಮಾಡ್ತೀವೋ?” ಎಂದಳು.

“ಹತ್ತಿ ಇಡ್ತೀವಿ.”

“ಮತ್ತೆ? ಇದಕ್ಕೂ ಒಂದು ಮೆತ್ತನೆ ಬಟ್ಟೆ ಇಟ್ರೆ? ಚರ್ಮಕ್ಕೂ ಇದಕ್ಕೂ ಮಧ್ಯ?”

ಹೀಗೆ ಶುರುವಾಯಿತು. ಯಾರದೋ ಮದುವೆಯ ಕರೆಯೋಲೆಯ ಮೇಲೆ ಮಾಸ್ಕನ್ನು ಕವುಚಿಟ್ಟು ಸುತ್ತ ಪೆನ್ಸಿಲ್ ಎಳೆದದ್ದು ನಾನು. ನನ್ನ ವಿದ್ಯಾಭ್ಯಾಸದ ಕೊಡುಗೆ ಅಷ್ಟು. ಅಂಚಿನ ಅಗಲ ಬಿಟ್ಟು ನಡುವಿನದನ್ನು ಕತ್ತರಿಸಿ ತೆಗೆಯಬೇಕು, ಮೂಗು ಬಾಯಿಗೆ ಬಟ್ಟೆ ಅಡ್ಡ ಬರಬಾರದು. ಅಕ್ಕ ಮೊದಲು ರವಿಕೆಯ ಲೈನಿಂಗ್ ಬಟ್ಟೆಯಲ್ಲಿ ಹೊಲಿದಳು. ಅದು ಹಿಗ್ಗದೆ ಸುಕ್ಕಾಯಿತು, ಸುಕ್ಕಿನಲ್ಲಿ ಗಾಳಿ ಸೋರಿತು. ಆಗ ಕಣ್ಣಿಗೆ ಬಿದ್ದದ್ದು ಹಗ್ಗದ ಮೇಲೆ ಒಣಗುತ್ತಿದ್ದ ಭಾವನ ಬನಿಯನ್. ಅದು ಎಳೆದ ಕಡೆ ಬರುತ್ತದೆ, ಬೆವರು ಹೀರುತ್ತದೆ, ಒಗೆದೊಗೆದು ಬೆಣ್ಣೆಯಾಗಿರುತ್ತದೆ. ಆದರೆ ಬನಿಯನ್ ಬಟ್ಟೆಯನ್ನು ತುಳಿಯುವ ಮಿಷನ್ನು ನುಂಗುತ್ತದೆ, ಹೊಲಿಗೆ ತಪ್ಪುತ್ತದೆ. ಅಕ್ಕ ಅದರ ಕೆಳಗೆ ಪೇಪರಿನ ಪಟ್ಟಿಯಿಟ್ಟು, ಬಟ್ಟೆ ಪೇಪರು ಎರಡನ್ನೂ ಸೇರಿಸಿ ಹೊಲಿದು, ಆಮೇಲೆ ಪೇಪರನ್ನು ಚರಚರ ಹರಿದು ತೆಗೆದಳು. ಹೊಲಿಗೆಯ ಗೆರೆ ಚರ್ಮಕ್ಕೆ ತಾಗದ ಹಾಗೆ ಹೊರಮಗ್ಗುಲಿಗೆ ಮಾಡಿದಳು. ನನಗೂ ಒಂದು ಕತ್ತರಿಸಲು ಕೊಟ್ಟಳು. ನಾನು ಕತ್ತರಿಸಿದ್ದನ್ನು ಮುಖಕ್ಕೆ ಹಿಡಿದು ನೋಡಿದ ಭಾವ, “ಇದು ಎಮ್ಮೆ ಮೂತಿಗಾಗ್ತದೆ, ಇಟ್ಕೊ,” ಎಂದರು.

ದಿನಕ್ಕೊಂದರಂತೆ ಏಳು ಹೊಲಿದಳು. ಮೊದಲ ಒಗೆತದಲ್ಲೇ ಒಂದು ಎಡವಟ್ಟಾಯಿತು. ಹತ್ತಿ ಬಟ್ಟೆ ಎಂದ ಮೇಲೆ ಅಕ್ಕನ ಕೈ ತಾನಾಗಿ ಏಳನ್ನೂ ಗಂಜಿಗೆ ಅದ್ದಿತ್ತು. ಒಣಗಿದ ಮೇಲೆ ಅವು ಹಪ್ಪಳದ ಹಾಗೆ ಸೆಟೆದುಕೊಂಡವು. ಭಾವ ಒಂದನ್ನು ಬೆರಳಲ್ಲಿ ಬಡಿದು ಸದ್ದು ಮಾಡಿ, “ಕರಿಯೋಕ್ ಎಣ್ಣೆ ಇಡೆ,” ಎಂದರು. ಮತ್ತೆ ನೆನೆಸಿ, ಹಿಂಡಿ, ಹಗ್ಗಕ್ಕೆ. ಸಾಲಾಗಿ ತೂಗಾಡುವ ಅವನ್ನು ಕಂಡ ಎದುರುಮನೆಯವರು, “ಏನಮ್ಮ ಇವು?” ಎಂದು ಕೇಳಿದಾಗ, ಗಂಡನ ಮೂಗಿನ ವಿಷಯ ಬೀದಿಗೆ ಹೇಳಲಾರದೆ ಅಕ್ಕ “ಕಾಫಿ ಸೋಸೋ ಬಟ್ಟೆ” ಎಂದುಬಿಟ್ಟಳು. “ಮಧ್ಯ ತೂತಿದ್ಯಲ್ಲಮ್ಮ?” ಎಂದು ಅವರು. ಅಕ್ಕ ಏಳನ್ನೂ ಹಗ್ಗದಿಂದ ಎಳೆದುಕೊಂಡು ಒಳಗೆ ಹೋದಳು.

ಬಟ್ಟೆ ಗೆದ್ದಿತು. ಹುಣ್ಣು ಮಾಯಿತು. ಭಾವ ದಿನವೂ ಮಾಸ್ಕು ಹಾಕಿಕೊಂಡು ಮಲಗತೊಡಗಿದರು. ಎರಡು ತಿಂಗಳಲ್ಲಿ ಕಲ್ಲುಬೆಂಚಿನ ಮೇಲಿನ ತೂಕಡಿಕೆ ನಿಂತಿತು, ಮುಖಕ್ಕೆ ಬಣ್ಣ ಬಂತು. ನನ್ನನ್ನು ಚುಚ್ಚುವ ಮಾತುಗಳು ನಡುವೆ ತುಂಡಾಗದೆ ಪೂರ್ತಿಯಾಗಿ ಬರತೊಡಗಿದವು. ನಾನು ಆಫೀಸಿನಲ್ಲಿ ಈ ಬಟ್ಟೆಯ ವಿಷಯವನ್ನು ನನ್ನ ಸ್ವಂತ ಆವಿಷ್ಕಾರದ ಹಾಗೆ ಹೇಳಿಕೊಂಡು ತಿರುಗಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮೊದಲು ಮಾಸ್ಕಿನ ಅಂಚಿನಿಂದ ಗಾಳಿ ಸೋರುವಾಗ ಬೇರೆ ಯಾವ ಸದ್ದೂ ಕೇಳುತ್ತಿರಲಿಲ್ಲ. ಬಟ್ಟೆಯಿಂದ ಅಂಚು ಭದ್ರವಾಗಿ ಕೂತ ಮೇಲೆ ಇನ್ನೊಂದು ಸದ್ದು ಸ್ಪಷ್ಟವಾಯಿತು. ಮಾಸ್ಕಿನ ಮುಂಭಾಗದಿಂದ, ಸಣ್ಣಗೆ, ಸುಂಯ್ ಎಂದು. ಭಾವ ಬಸ್ಸಿನ ಮನುಷ್ಯ. ಗಾಳಿಯ ಸದ್ದಿಗೆ ಅವರ ಕಿವಿ ನಾಯಿಯ ಕಿವಿ. ಒಂದು ಭಾನುವಾರ ಮಾಸ್ಕನ್ನು ಕೈಯಲ್ಲಿ ಹಿಡಿದು, ಮಿಷನ್ ಹಾಕಿ, ನಾಲಗೆಯಿಂದ ಬೆರಳು ಒದ್ದೆ ಮಾಡಿ ಮೇಲೆಲ್ಲ ಆಡಿಸಿದರು. ಪಂಕ್ಚರ್ ಹುಡುಕುವ ರೀತಿ.

“ಸಿಕ್ತು. ನೋಡ್ಲಾ ಇಲ್ಲಿ,” ಎಂದರು.

ಕೊಳವೆ ಸೇರುವ ಜಾಗದ ಪಕ್ಕದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳು, ಒಂದು ಸಾಲು. ಅಲ್ಲಿಂದ ಗಾಳಿ ಬರುತ್ತಿತ್ತು.

“ಹಳೇ ಮಾಲಲ್ವಾ, ತೂತಾಗೈತೆ. ಬ್ರೇಕ್ ಪೈಪಲ್ಲಿ ಇಷ್ಟ್ ಲೀಕ್ ಇದ್ರೆ ನಾನು ಗಾಡಿ ಎತ್ತಲ್ಲ. ಏನಂತೀರಾ ಬಿ.ಎಸ್ಸಿ. ಸಾಹೇಬ್ರು?”

ನಾನು ಮಾಸ್ಕನ್ನು ಕೈಗೆ ತೆಗೆದುಕೊಂಡು ಗಂಭೀರವಾಗಿ ನೋಡಿದೆ. ತೂತುಗಳು ಸಾಲಾಗಿ, ಒಂದೇ ಅಳತೆಯಲ್ಲಿ, ಅಚ್ಚುಕಟ್ಟಾಗಿದ್ದವು. ಸವೆದು ಆದ ತೂತು ಹಾಗಿರುವುದಿಲ್ಲ ಎಂದು ಹೊಳೆಯುವುದಕ್ಕೆ ಪದವಿ ಬೇಕಿಲ್ಲ. ನನಗೆ ಹೊಳೆಯಲಿಲ್ಲ. “ಹೌದು ಭಾವ, ಇಲ್ಲಿ ಪ್ರೆಶರ್ ಲಾಸ್ ಆಗ್ತಿದೆ. ಮುಚ್ಚಿದ್ರೆ ಮಿಷನ್ ಇನ್ನೂ ಚೆನ್ನಾಗ್ ಕೆಲ್ಸ ಮಾಡುತ್ತೆ,” ಎಂದೆ.

ಮುಚ್ಚು ಎಂದ ಮೇಲೆ ಅಕ್ಕನಿಗೆ ಇನ್ನೇನು ಬೇಕು. ಮಾಸ್ಕಿನ ಮುಂಭಾಗಕ್ಕೆ ಸರಿಯಾಗಿ ಕೂರುವ ಒಂದು ಅಂಗಿ ಹೊಲಿದಳು. ಎರಡು ಪದರದ ಬಟ್ಟೆ, ಒಳಗೆ ತೂತುಗಳ ಮೇಲೆ ಬರುವ ಹಾಗೆ ಭಾವ ತಂದುಕೊಟ್ಟ ಸೈಕಲ್ ಟ್ಯೂಬಿನ ತುಂಡು, ಹಿಂದೆ ಬಿಗಿಯಲು ರವಿಕೆಯ ಹುಕ್ಕು. ಸದ್ದು ಪೂರ್ತಿ ನಿಂತಿತು. ನೋಡಿ, ಲೀಕು ಹುಡುಕಿದವರು ಡ್ರೈವರು, ಮುಚ್ಚಿದವಳು ದರ್ಜಿ, ಸಹಿ ಹಾಕಿದವನು ಪದವೀಧರ. ಮೂವರಲ್ಲಿ ಯಾರೊಬ್ಬರು ತಮ್ಮ ಕೆಲಸದಲ್ಲಿ ಸ್ವಲ್ಪ ದಡ್ಡರಾಗಿದ್ದರೂ ಮುಂದಿನದು ಆಗುತ್ತಿರಲಿಲ್ಲ.

ಊಟವಾಗಿತ್ತು. ಮಧ್ಯಾಹ್ನ ಎರಡು ಗಂಟೆ ಇರಬಹುದು. “ಹೆಂಗೂ ಇದೀಯಲ್ಲ, ಈಗ್ಲೇ ಒಂದ್ ನಿದ್ದೆ ಹೊಡ್ದು ನೋಡ್ತೀನಿ,” ಎಂದು ಭಾವ ಮಾಸ್ಕು ಹಾಕಿಕೊಂಡು ಚಾಪೆಯ ಮೇಲೆ ಮಲಗಿದರು. ನಾನು ಗೋಡೆಗೊರಗಿ ಒಂದು ವಾರಪತ್ರಿಕೆ ಹಿಡಿದೆ. ಅಕ್ಕ ಪಕ್ಕದ ಕೋಣೆಯಲ್ಲಿ ರವಿಕೆಗೆ ಹುಕ್ಕು ಹೊಲಿಯುತ್ತಿದ್ದಳು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವಳು ದಾರ ಕಚ್ಚಿ ತುಂಡು ಮಾಡುವುದು ಕೇಳಿಸುತ್ತಿತ್ತು. ಗೊರಕೆಯಿಲ್ಲ, ಸುಂಯ್ ಎನ್ನುವುದೂ ಇಲ್ಲ. ನನಗೆ ನಮ್ಮ ಕೆಲಸದ ಬಗ್ಗೆ ಹೆಮ್ಮೆಯಾಯಿತು.

ಆ ಹೆಮ್ಮೆಯೇ ನನ್ನನ್ನು ಇವತ್ತಿಗೂ ಎಬ್ಬಿಸಿ ಕೂರಿಸುವುದು. ಬಸ್ಸು ನೀರಿನ ಕಡೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ, ಕೂಗಿದೆ. ಇಲ್ಲಿ ಮೂರು ಮೊಳದ ದೂರದಲ್ಲಿ ಕೂತು, ಒಂದು ಧಾರಾವಾಹಿಯ ಕಂತು ಓದಿ ಮುಗಿಸಿ, ನಗೆಹನಿಗಳನ್ನು ಓದಿ, ಪದಬಂಧಕ್ಕೆ ಪೆನ್ಸಿಲ್ ಹುಡುಕಲು ಎದ್ದೆ. ಎದ್ದದ್ದರಿಂದ ಭಾವನ ಮುಖ ಕಂಡಿತು. ಕೆಂಪಗೆ ಉಬ್ಬಿದ ಹಾಗಿತ್ತು. ಹಣೆಯ ಬೆವರು ಕಿವಿಗೆ ಇಳಿಯುತ್ತಿತ್ತು. ಎದೆ ಬೆಟ್ಟ ಹತ್ತಿದವರ ಎದೆಯ ಹಾಗೆ ಬೇಗ ಬೇಗ ಏಳುತ್ತಿತ್ತು, ಸದ್ದೇ ಇಲ್ಲದೆ. ಪೆನ್ಸಿಲ್ ನನ್ನ ಜೇಬಿನಲ್ಲೇ ಇದ್ದಿದ್ದರೆ? ಅದು ಕೈಗೆ ಸಿಗುವ ಹಾಗೆ ಅಲ್ಲೇ ಬಿದ್ದಿದ್ದರೆ?

“ಭಾವ,” ಎಂದೆ. ಏಳಲಿಲ್ಲ. ಭುಜ ಹಿಡಿದು ಅಲುಗಾಡಿಸಿದೆ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು. ಮಾಸ್ಕಿನ ಪಟ್ಟಿ ಬಿಚ್ಚಲು ಹೋದರೆ ಕೈಗೆ ಸಿಕ್ಕಿದ್ದು ಅಕ್ಕನ ಹುಕ್ಕುಗಳು. ಅಕ್ಕ ಹಾಕುವ ಹುಕ್ಕು ಬೀದಿಯಲ್ಲೇ ಹೆಸರುವಾಸಿ, ಜಪ್ಪಯ್ಯ ಎಂದರೂ ತಾನಾಗಿ ಕಳಚುವುದಿಲ್ಲ. ನನ್ನ ಬೆರಳಿಗೆ ಅವು ಸಿಗಲೇ ಇಲ್ಲ. ಕೊನೆಗೆ ಎಲ್ಲವನ್ನೂ ಸೇರಿಸಿ ಗಲ್ಲದ ಕಡೆಯಿಂದ ಮೇಲಕ್ಕೆ ಎಳೆದು ತಲೆಯಿಂದ ಕಿತ್ತೆ. ಅಷ್ಟರಲ್ಲಿ ಅಕ್ಕ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಬಂದಿದ್ದಳು. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು.

ಭಾವ ಒಂದೆರಡು ಉಸಿರು ಎಳೆದರು. ನಮ್ಮಿಬ್ಬರನ್ನೂ ನೋಡಿದರು. “ಯಾವ ಸ್ಟಾಪು?” ಎಂದು ಕೇಳಿದರು. ಆಮೇಲೆ ತಲೆ ಹಿಡಿದುಕೊಂಡು ವಾಂತಿ ಮಾಡಿದರು.

ಆ ಹೊತ್ತಿಗೆ ಸಿಕ್ಕಿದ ಆಟೋದಲ್ಲಿ ಗುಬ್ಬಿಯ ಆಸ್ಪತ್ರೆ, ಅಲ್ಲಿಂದ ತುಮಕೂರಿನ ಡಾಕ್ಟರು. ಸಂಜೆಯ ಹೊತ್ತಿಗೆ ತಲೆನೋವು ಬಿಟ್ಟರೆ ಭಾವ ಸುಧಾರಿಸಿದ್ದರು. ಡಾಕ್ಟರು ಅಂಗಿ ತೊಟ್ಟ ಮಾಸ್ಕನ್ನು ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. ಹುಕ್ಕು ಬಿಚ್ಚಿದರು. ಟ್ಯೂಬಿನ ತುಂಡನ್ನು ಮೇಜಿನ ಮೇಲಿಟ್ಟರು.

“ಮಿಷನ್ನು ಗಾಳಿ ಒಳಗೆ ಕಳಿಸುತ್ತೆ. ಇವರು ಬಿಟ್ಟ ಉಸಿರು ಎಲ್ಲಿಂದ ಹೊರಗೆ ಹೋಗ್ಬೇಕು?” ಎಂದು ಕೇಳಿದರು.

ನಾನು ಮೇಜಿನ ಮೇಲಿನ ಟ್ಯೂಬಿನ ತುಂಡನ್ನು ನೋಡಿದೆ.

“ಈ ತೂತಿಂದ. ಅದಕ್ಕೇ ಇಟ್ಟಿರೋದು. ಮುಚ್ಚಿದ್ರೆ ಬಿಟ್ಟ ಉಸಿರನ್ನೇ ಮತ್ತೆ ಎಳೀತಾ ಇರ್ತಾರೆ. ಅವತ್ತು ಹೇಳಿದ್ನಲ್ಲ ನಿಮಗೆ?”

ಹೇಳಿದ್ದರು. ನಾನು ತಲೆಯಾಡಿಸಿದ್ದೆ.

“ಏನು ಓದಿದೀರಿ?”

“ಬಿ.ಎಸ್ಸಿ. ಸಾರ್.”

“ಹೂಂ,” ಎಂದರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಆಮೇಲೆ ಬನಿಯನ್ನಿನ ಬಟ್ಟೆಯನ್ನು ಬೆರಳಲ್ಲಿ ಎಳೆದು ನೋಡಿ, “ಇದು ಯಾರು ಮಾಡಿದ್ದು? ಚೆನ್ನಾಗಿದೆ. ದಿನಾ ಒಗೆದು ಹಾಕಿ, ಸಾಕು. ತೂತಿನ ಹತ್ತಿರ ಮಾತ್ರ ಸೂಜಿ ತಗೊಂಡ್ ಹೋಗ್ಬೇಡಿ,” ಎಂದರು. ಅಕ್ಕ ನೆಲ ನೋಡುತ್ತಿದ್ದಳು.

ಭಾವ ನನ್ನ ಮೇಲೆ ಸಿಟ್ಟಾಗಲಿಲ್ಲ. “ಲೀಕು ಅಂದೋನು ನಾನು. ನಿಂದೇನಿಲ್ಲ ಬುಡ್ಲಾ,” ಎಂದರು. ಆದರೆ ಮಾಸ್ಕನ್ನು ಅಟ್ಟಕ್ಕೆ ಎಸೆದರು. ಸ್ಟೀರಿಂಗೂ ಬೇಡ, ಇದೂ ಬೇಡ ಎಂದರು. ಮುಖಕ್ಕೆ ಅದನ್ನು ತಂದರೆ ಉಸಿರು ಕಟ್ಟಿದ ಹಾಗಾಗುತ್ತದೆ ಎಂದರು. ಅದು ಸುಳ್ಳಲ್ಲ. ಅಷ್ಟು ದೊಡ್ಡ ಬಸ್ಸು ಓಡಿಸಲು ಹೆದರದ ಮನುಷ್ಯ ಅಂಗೈಯಗಲದ ಮಾಸ್ಕಿಗೆ ಹೆದರಿದ್ದರು. ಅಕ್ಕನೂ ಒತ್ತಾಯ ಮಾಡಲಿಲ್ಲ. ಏಳು ಬಟ್ಟೆಗಳನ್ನು ಮಡಿಸಿ ಹೊಲಿಗೆ ಮಿಷನ್ನಿನ ಡ್ರಾಯರಿಗೆ ಹಾಕಿದಳು.

ಮೂರು ಭಾನುವಾರ ಹೋದವು. ಪ್ರತಿ ಭಾನುವಾರವೂ ನಾನು ಹೋಗುತ್ತಿದ್ದೆ. ಏನಾದರೂ ಹೇಳಬೇಕೆಂದು ಹೋಗಿ, ಹೇಳದೆ ಬರುತ್ತಿದ್ದೆ. ಬುದ್ಧಿ ಹೇಳುವ ಮುಖ ನನಗಿರಲಿಲ್ಲ. ಮೂರನೆಯ ಭಾನುವಾರ ಊಟವಾದ ಮೇಲೆ ಭಾವ ಗೋಡೆಗೊರಗಿ ಕೂತಲ್ಲೇ ಮಾತಿನ ನಡುವೆ ತೂಕಡಿಸಿದರು. ಗೊರಕೆ ಶುರುವಾಯಿತು. ನಿಂತಿತು. ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾದೆವು. ದೊಡ್ಡದಾಗಿ ಉಸಿರೆಳೆದುಕೊಂಡು ಭಾವ ಎಚ್ಚೆತ್ತರು.

“ಏನ್ ಹಂಗ್ ನೋಡ್ತಿದೀರಾ?”

ಅಕ್ಕ ಕೈಯಲ್ಲಿದ್ದ ರವಿಕೆಯನ್ನು ಕೆಳಗಿಟ್ಟಳು. “ನೋಡಿ, ಮದ್ವೆ ಆದಾಗಿಂದ ನಾನು ಹಿಂಗೇ ಮಲ್ಗಿರೋದು. ನಿಮ್ಮ ಉಸ್ರು ನಿಂತಾಗ ನಂದೂ ನಿಲ್ತದೆ. ಬಂತಾ, ಬಂತಾ ಅಂತ ಕಾಯ್ತೀನಿ. ಬಂದ್ರೆ ನಾನೂ ಬಿಡ್ತೀನಿ. ಆ ಎರಡು ತಿಂಗಳು ಒಂದೇ ನಾನು ಕಣ್ ಮುಚ್ಚಿದ್ದು,” ಎಂದಳು. ಅಳಲಿಲ್ಲ. ಅಂಗಡಿಯಿಂದ ಏನು ತರಬೇಕೆಂದು ಹೇಳುವ ದನಿಯಲ್ಲಿ ಹೇಳಿದಳು.

ಭಾವ ಗೋಡೆ ಬಿಟ್ಟು ನೆಟ್ಟಗೆ ಕೂತರು. “ಇಷ್ಟ್ ವರ್ಷ ಯಾಕೆ ಯೋಳ್ನಿಲ್ಲ?” ಎಂದರು.

“ಪುಣ್ಯವಂತ ಅಂತಿದ್ರಲ್ಲ ಎಲ್ಲಾರೂ.”

ನನ್ನ ಕಡೆ ಅವಳು ನೋಡಲಿಲ್ಲ. ಅದಕ್ಕೆ ನಾನು ಋಣಿ.

ಭಾವ ಎದ್ದು, ಸ್ಟೂಲು ಹಾಕಿಕೊಂಡು ಅಟ್ಟದಿಂದ ಮಾಸ್ಕನ್ನು ತಾವೇ ಇಳಿಸಿದರು. ಧೂಳು ಕೊಡವಿದರು. ಅಕ್ಕ ಅದನ್ನು ಸೋಪುನೀರಲ್ಲಿ ತೊಳೆದು, ಒರೆಸಿ, ಡ್ರಾಯರಿನಿಂದ ಒಂದು ಬಟ್ಟೆ ತೆಗೆದು ಅಂಚಿನ ಸುತ್ತ ಕೂರಿಸಿದಳು. ಅವಳ ಬೆರಳು ಮುಂಭಾಗದ ತೂತುಗಳ ಹತ್ತಿರ ಬಂದಾಗ ಬಿಸಿ ತಾಗಿದ ಹಾಗೆ ದೂರ ಸರಿಯುತ್ತಿತ್ತು. ಸ್ಟೀರಿಂಗ್ ಮತ್ತೆ ಭಾವನ ಕೈಗೆ ಬರುವುದಕ್ಕೆ ಅಲ್ಲಿಂದ ಒಂದು ವರ್ಷದ ಮೇಲೆಯೇ ಹಿಡಿಯಿತು. ಆ ಮಧ್ಯಾಹ್ನ ಅದರ ಮಾತು ಯಾರೂ ಎತ್ತಲಿಲ್ಲ.

ಚಾಪೆಯ ಮೇಲೆ ಮಲಗಿ, ಮಾಸ್ಕನ್ನು ಎದೆಯ ಮೇಲಿಟ್ಟುಕೊಂಡು ಭಾವ ನನ್ನನ್ನು ಕರೆದರು. “ನಾಗ, ಬಾ ಇಲ್ಲಿ. ಪೇಪರ್ ಗೀಪರ್ ಬೇಡ. ಆ ತೂತಿನ್ ಮುಂದೆ ಕೈ ಹಿಡ್ಕೊ. ಗಾಳಿ ನಿಂತ್ರೆ ಕಿತ್ ಹಾಕು.”

“ಆಯ್ತು ಭಾವ.”

“ತಲೆ ಆಡಿಸ್ಬೇಡ. ಕೈ ಹಿಡ್ಕೊ.”

ಹಿಡಿದೆ. ಅವರು ಮಾಸ್ಕು ಹಾಕಿಕೊಂಡರು, ಅಕ್ಕ ಮಿಷನ್ ಹಾಕಿದಳು. ಸಣ್ಣ ತೂತುಗಳಿಂದ ಗಾಳಿ ನನ್ನ ಅಂಗೈಗೆ ಬಂತು. ಸುಂಯ್ ಎನ್ನುವ ಆ ಸದ್ದು ಕೋಣೆಯ ತುಂಬ ಇತ್ತು. ಭಾವನ ಕಣ್ಣು ಮೊದಲು ನನ್ನ ಕೈಯ ಮೇಲೆಯೇ ಇತ್ತು. ನಿಧಾನವಾಗಿ ರೆಪ್ಪೆ ಇಳಿದವು. ಉಸಿರು ಬಿಟ್ಟಾಗ ಗಾಳಿ ಸ್ವಲ್ಪ ಬೆಚ್ಚಗಾಗುತ್ತಿತ್ತು, ಎಳೆದಾಗ ತಣ್ಣಗಾಗುತ್ತಿತ್ತು. ನನ್ನ ತೋಳು ಸೋತಿತು. ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡೆ.

“ಬರ್ತಿದ್ಯೇನೋ?” ಎಂದು ಅಕ್ಕ ಪಿಸುದನಿಯಲ್ಲಿ ಕೇಳಿದಳು.

“ಬರ್ತಿದೆ,” ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ತಿರುಗಿ ನೋಡಿದರೆ, ಗೋಡೆಗೆ ತಲೆಯಾನಿಸಿ, ಬಾಯಿ ತುಸು ತೆರೆದು, ಅಕ್ಕ ನಿದ್ದೆ ಹೋಗಿದ್ದಳು.